ದಂಡೆಗೆ ಹತ್ತುವ ತನಕ

"ನಿನ್ನಿಗಿಂತ ಇವತ್ತ ಮತ್ತ ಕಮ್ಮಿ ಆಗ್ಯಾವ್ರಿ ಅಕ್ಕಾರ. ಯಾರರ ತಗದು ಒಗ್ಯಾಕತ್ತಾರೋ, ಕಾಗಿ ಒಯ್ಯಾಕತ್ತಾವೋ," ಎಂದಳು ಕರೆವ್ವ. ಹಿತ್ತಲಲ್ಲಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ಬೂದಿಗೈಯಲ್ಲೇ ಕಪ್ಪೆಯ ಮರಿಗಳಿದ್ದ ಕಲ್ಲಿನ ದೋಣಿಯ ಮೇಲೆ ಬಾಗಿದ್ದಳು.

"ಕಾಗಿ ಬರದಂಗ ಮ್ಯಾಲ ಜಾಳಗಿ ಹೊಚ್ಚೇನಲ್ಲ," ಎಂದಳು ಹರಿಪ್ರಿಯಾ, ದನಿ ತಗ್ಗಿಸಿ.

"ಹಂಗಾರ ಅವು ಎದ್ದು ಹಾನಗಲ್ ಸ್ಟ್ಯಾಂಡಿಗೆ ಹೋಗಿ ಹಾವೇರಿ ಗಾಡಿ ಹತ್ತಿರಬೇಕ ಬಿಡ್ರಿ." ಕರೆವ್ವ ತನ್ನ ಮಾತಿಗೆ ತಾನೇ ನಕ್ಕಳು. ಅವಳ ನಗೆಯೂ ಅವಳ ದನಿಯಷ್ಟೇ ದೊಡ್ಡದು. ಅಡುಗೆಮನೆಯ ಕಿಟಕಿ ದಾಟಿ, ದೇವರ ಕೋಣೆಯಲ್ಲಿ ಮಡಿಯುಟ್ಟು ಕುಳಿತ ಅತ್ತೆಯ ಕಿವಿಯವರೆಗೆ ಅದು ಹೋಗಿಯೇ ಹೋಗುತ್ತದೆ ಎಂದು ಹರಿಪ್ರಿಯಾಗೆ ಗೊತ್ತಿತ್ತು. ಹೋಗಿತ್ತು ಕೂಡ. ಒಳಗಿನ ಗಂಟೆಯ ಸದ್ದು ಒಮ್ಮೆ ತಡೆದು, ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು. ಆ ತಡೆದ ಗಂಟೆಯೊಳಗೆ ತನ್ನ ಹೆಸರು ಇತ್ತು ಎಂದು ಅವಳಿಗೆ ಅನ್ನಿಸಿತು. ಯಾರು ತೆಗೆದು ಒಗೆಯುತ್ತಿದ್ದಾರೆ? ಈ ಮನೆಯಲ್ಲಿ ದೋಣಿಗೆ ಕೈ ಹಾಕುವವರು ಇಬ್ಬರೇ. ಕರೆವ್ವ ಹೊರಗಿನವಳು, ಅವಳಿಗೆ ಕಪ್ಪೆಯಿಂದ ಆಗಬೇಕಾದದ್ದು ಏನೂ ಇಲ್ಲ. ಆಗಬೇಕಾದದ್ದು ಇರುವವಳು ಇನ್ನೊಬ್ಬಳು, ತಾನೇ.

ದೋಣಿ ಹಳೆಯದು, ಮನೆಯಲ್ಲಿ ದನ ಇದ್ದ ಕಾಲಕ್ಕೆ ನೀರು ಕುಡಿಸಲು ಇಟ್ಟದ್ದು. ಈಗ ಕೊಟ್ಟಿಗೆಯ ಜಾಗದಲ್ಲಿ ಗಂಡ ಶ್ರೀರಾಮನ ಸ್ಕೂಟರು ನಿಲ್ಲುತ್ತದೆ. ಜೂನಿನಲ್ಲಿ ಮಿರಗದ ಮಳೆ ಜೋರಾಗಿ ಹೊಡೆದಾಗ, ಬಚ್ಚಲ ನೀರಿಗೆಂದು ಹಿತ್ತಲ ಮೂಲೆಯಲ್ಲಿ ತೋಡಿಸಿದ್ದ ಗುಂಡಿ ತುಂಬಿ, ಅರಿಸಿನ ಬಳಿದುಕೊಂಡಂಥ ಗೂಳಿಗಪ್ಪೆಗಳು ಎಲ್ಲಿಂದಲೋ ಬಂದು ಒದರಿ, ತತ್ತಿಯಿಟ್ಟು ಹೋದವು. ನೋಡನೋಡುವುದರೊಳಗೆ ಗುಂಡಿ ತುಂಬ ಗೊದಮೊಟ್ಟೆ. ಮಳೆ ಕೈಕೊಟ್ಟು ನೀರು ಇಂಗತೊಡಗಿದಾಗ ಶ್ರೀರಾಮ ಗುಂಡಿ ಮುಚ್ಚಿಸಲೆಂದು ಒಂದು ಟ್ರ್ಯಾಕ್ಟರ್ ಗರಸು ಮಣ್ಣು ತರಿಸಿದ್ದ. ಅತ್ತೆ ಭಾಗೀರಥಿಬಾಯಿ ಕೋಲು ಊರುತ್ತ ಬಂದು ಗುಂಡಿಯ ಅಂಚಿಗೆ ನಿಂತರು. "ಜೀವ ಇರೋ ನೀರಿನ ಮ್ಯಾಲ ಮಣ್ಣು ಎಳೀಬ್ಯಾಡ್ರಿ. ತುಳಸಿಕಟ್ಟಿ ಮಗ್ಗಲಕ್ಕ ಹುಟ್ಟ್ಯಾವ. ದೋಣಿಗೆ ಹಾಕ್ರಿ, ಪ್ರಿಯಾ ನೋಡ್ಕೋತಾಳ. ಕಾಲೇಜಿನ್ಯಾಗ ಇದನ್ನ ಕಲತಾಳ." ತಾನು ಕಲಿತದ್ದನ್ನು ಅತ್ತೆ ಬಾಯಿಬಿಟ್ಟು ಹೇಳಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಹರಿಪ್ರಿಯಾ ಹಿಗ್ಗಿ, ಸೀರೆ ಎತ್ತಿ ಕಟ್ಟಿ, ಜಾಳಿಗೆಯಿಂದ ಒಂದೊಂದನ್ನೂ ಎತ್ತಿ ದೋಣಿಗೆ ಬಿಟ್ಟಿದ್ದಳು. ಹಿಗ್ಗಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಯಾಕೆಂದರೆ ಅದೇ ವಾರ ಅವಳು ತಡಸದ ಹುಡುಗಿಯರ ವಸತಿ ಶಾಲೆಗೆ ಹೋಗಿಬಂದಿದ್ದಳು. ವಿಜ್ಞಾನಕ್ಕೆ ಟೀಚರು ಬೇಕಾಗಿದ್ದಾರೆ, ಅಲ್ಲೇ ಖೋಲಿ ಕೊಡುತ್ತಾರೆ, ಶನಿವಾರ ಮಧ್ಯಾಹ್ನ ಮನೆಗೆ ಬಂದು ಸೋಮವಾರ ಮುಂಜಾನೆ ಹೋದರಾಯಿತು. ಅಲ್ಲಿಯ ಮುಖ್ಯ ಶಿಕ್ಷಕಿ, ದೊಡ್ಡ ಬಾಯಿಯವರು, ಅವಳ ಹಳೆಯ ಪದವಿ ಕಾಗದವನ್ನು ಹೊರಳಿಸಿ ನೋಡಿ, "ಇಷ್ಟು ವರ್ಷ ಏನ ಮಾಡಿದ್ರಿ?" ಎಂದು ಕೇಳಿದ್ದರು. "ಮನಿ," ಎಂದಿದ್ದಳು. ಆ ಎರಡಕ್ಷರ ಮೇಜಿನ ಮೇಲೆ ಬಿದ್ದು, ಯಾರೂ ಎತ್ತಿಕೊಳ್ಳದೆ ಉಳಿಯಿತು. ಅದನ್ನು ಮುಚ್ಚಲು ಅವಳು ದೋಣಿಯ ವಿಷಯ ತೆಗೆದು, ನಳದ ನೀರಿನ ಬ್ಲೀಚಿಂಗ್ ಹೋಗಲೆಂದು ಬಿಸಿಲಲ್ಲಿ ಇಟ್ಟು ಆಮೇಲೆ ಹಾಕಬೇಕು, ಅರ್ಧ ದೋಣಿಗೆ ನೆರಳು ಬೇಕು, ಕಾಲು ಮೂಡಿದ ಮೇಲೆ ಹತ್ತಿ ಕೂರಲು ಇಳಿಜಾರು ಬೇಕು, ಇಲ್ಲದಿದ್ದರೆ ನೀರಲ್ಲಿ ಹುಟ್ಟಿದ್ದೇ ನೀರಲ್ಲಿ ಮುಳುಗಿ ಸಾಯುತ್ತದೆ ಎಂದೆಲ್ಲ ಹೇಳಿದಳು. ದೊಡ್ಡ ಬಾಯಿಯವರು ಕನ್ನಡಕ ತೆಗೆದು ಕೇಳಿಸಿಕೊಂಡರು. ಕೆಲಸ ಕೊಟ್ಟೆವು, ಸೋಮವಾರ ಬಂದು ಸೇರಿಕೊಳ್ಳಿ, ಬಾರದಿದ್ದರೆ ಶಿಗ್ಗಾವಿಯವಳೊಬ್ಬಳು ಕಾಯುತ್ತಿದ್ದಾಳೆ ಎಂದು ಮೊನ್ನೆ ಫೋನು ಬಂತು. ಈ ಸೋಮವಾರ.

ಅತ್ತೆಗೆ ಹೇಳಿದಾಗ ಅವರು ಬತ್ತಿ ಹೊಸೆಯುತ್ತಿದ್ದರು. ಬೇಡ ಅನ್ನಲಿಲ್ಲ. ಬೇಡ ಎಂದು ಅವರು ಯಾವತ್ತೂ ಅಂದವರಲ್ಲ. ಮಗಳು ವೃಂದಾ ಹುಟ್ಟಿದಾಗ, ಮಗು ನಡೆಯಲಿ ಆಮ್ಯಾಲ ನೋಡೋಣು. ಮೈದುನನ ಮಗನ ಮುಂಜಿ ಮುಗಿಯಲಿ, ಆಮ್ಯಾಲ ನೋಡೋಣು. ಮಾವನವರ ವರ್ಷಾಂತಿಕ ಆಗಲಿ. ವೃಂದಾ ಧಾರವಾಡದ ಹಾಸ್ಟೆಲ್ಲಿಗೆ ಹೋಗಿಯೂ ಆಯಿತು. ಈಗ ನೋಡುವುದಕ್ಕೆ ಏನೂ ಉಳಿದಿಲ್ಲ ಎಂದು ಅವಳು ಅಂದುಕೊಂಡಿರುವಾಗಲೇ ಭಾಗೀರಥಿಬಾಯಿ ಬತ್ತಿಯ ತುದಿಯನ್ನು ಬೆರಳಲ್ಲಿ ತಿರುವಿ, ಹಿತ್ತಲ ಕಡೆ ಕಣ್ಣು ಹಾಯಿಸಿ ಅಂದಿದ್ದರು: "ಕೈಯಾಗ ಹಿಡದ ಜೀವ ಬಿಟ್ಟು ಹೋಗಬಾರದವಾ. ಅವು ದಂಡಿಗೆ ಹತ್ತಲಿ. ಆಮ್ಯಾಲ ನೋಡೋಣು." ಶ್ರೀರಾಮನನ್ನು ಕೇಳಿದರೆ ಅವನು ಮೊಬೈಲಿನಿಂದ ಮುಖ ಎತ್ತಿ, "ನಾ ಅವ್ವಗ ಹೇಳಿದ್ರ ನಾ ಹೇಳಿದಂಗ ಆಗ್ತದ, ನೀ ಹೇಳಿದಂಗ ಆಗೂದಿಲ್ಲ," ಎಂದ. ಅದು ಸುಳ್ಳೇನೂ ಅಲ್ಲ.

ಹೀಗೆ ಅವಳ ಸೋಮವಾರ ಈ ದೋಣಿಯೊಳಗೆ ಬಿದ್ದಿತ್ತು. ಮೊದಮೊದಲು ಎಲ್ಲ ಸರಿಯಿತ್ತು. ಪಾಲಕ ಬೇಯಿಸಿ, ಹಿಚುಕಿ, ಚಿಟಿಕೆ ಚಿಟಿಕೆ ಹಾಕುತ್ತಿದ್ದಳು. ಮನಸ್ಸಿಲ್ಲದ ಮನಸ್ಸಿನಿಂದ ಕೊರೆದು ತಿನ್ನುತ್ತಿದ್ದವು. ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು, ಶಾಕವ್ರತ ಹತ್ತಿತು. ಒಂದು ತಿಂಗಳು ಮನೆಯೊಳಗೆ ಕಾಯಿಪಲ್ಯೆ, ಸೊಪ್ಪು ಏನೂ ಬರುವಂತಿಲ್ಲ, ಬೇಳೆ ಅನ್ನ ಮೊಸರಿನ ಮೇಲೆ ದಿನ ತೆಗೆಯಬೇಕು. ಪಾಲಕದ ಸಿವುಡು ಹಿಡಿದು ಬಂದ ಅವಳನ್ನು ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿದರು. "ಈ ಮನ್ಯಾಗ ಇರೋ ಜೀವಕ್ಕೆಲ್ಲಾ ವ್ರತ ಒಂದ. ಅವಲಕ್ಕಿ ಹಾಕು." ಆನಿಕೆರೆಯಿಂದ ಪಾಚಿಯಾದರೂ ತರಲೇ ಎಂದು ಕೇಳಿದಳು. ಕೆರೆಯ ಪಾಚಿ ಶಾಕ ಹೌದೋ ಅಲ್ಲವೋ ಎಂಬುದು ಅತ್ತೆಗೂ ಗೊತ್ತಿರಲಿಲ್ಲ. ಮಠದ ವೇದವ್ಯಾಸಾಚಾರ್ಯರಿಗೆ ಫೋನು ಹೋಯಿತು. ಆಚಾರ್ಯರು, "ಇದಕ್ಕ ಪ್ರಮಾಣ ಎಲ್ಲೂ ಸಿಗೂದಿಲ್ಲ ಬಾಯಾರ. ಸಿಗದಿದ್ದಲ್ಲೆ ಬ್ಯಾಡ ಅನ್ನೋದು ಚಲೋ," ಎಂದರು. ಅವಲಕ್ಕಿ ನೀರಲ್ಲಿ ಉಬ್ಬಿ ಬೆಳ್ಳಗೆ ತೇಲಿತು. ಯಾವೂ ಮುಟ್ಟಲಿಲ್ಲ.

ಕರೆವ್ವ ಹೋದ ಮೇಲೆ ಹರಿಪ್ರಿಯಾ ಜಾಳಿಗೆ ಸರಿಸಿ ನೋಡಿದಳು. ಹಿಂಗಾಲು ಮೂಡಿದ ದೊಡ್ಡದೊಂದು ತಳದ ಕಲ್ಲಿಗೆ ಒತ್ತಿಕೊಂಡು ನಿಂತಿತ್ತು. ಅದರ ಬಾಯಿಂದ ಇನ್ನೊಂದರ ಬಾಲ ಹೊರಗೆ ಉಳಿದು, ಇನ್ನೂ ಆಡುತ್ತಿತ್ತು. ಮೊದಲ ಸಲ ಕಂಡಾಗ ಅವಳು ಬಕೀಟು ಬಿಟ್ಟು ಒಳಗೆ ಓಡಿಹೋಗಿ ಕುಡಿಯುವ ನೀರಿನ ಕೊಡದ ಮುಂದೆ ನಿಂತಿದ್ದಳು. ಈಗ ನೋಡುತ್ತಲೇ ನಿಂತಳು. ಗೂಳಿಗಪ್ಪೆಯ ಮರಿ ಸೊಪ್ಪಿನ ಜಾತಿಯಲ್ಲ, ಹಸಿದರೆ ಪಕ್ಕದ್ದನ್ನೇ ನುಂಗುತ್ತದೆ. ಇದನ್ನು ಅವಳು ಓದಿದ್ದಳು. ಧಾರವಾಡದ ಲ್ಯಾಬಿನಲ್ಲಿ ಮೇಣದ ತಟ್ಟೆಯ ಮೇಲೆ ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿ ಮಲಗಿಸಿದ ಕಪ್ಪೆಯ ಎದೆ ತೆರೆದಾಗ, ಹೃದಯ ಹೊಡೆದುಕೊಳ್ಳುತ್ತಲೇ ಇತ್ತು. ಸರ್ ಅವಳ ಕೆಲಸ ಎಲ್ಲರಿಗೂ ತೋರಿಸಿದ್ದರು. ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ, "ಮೊದಲ ಬಚ್ಚಲಕ್ಕ ಹೋಗು," ಎಂದಿದ್ದರು. ಮೆಚ್ಚಿಗೆಯ ಮಾತು ಹೇಳುವ ಮೊದಲು ತಲೆಯ ಮೇಲೆ ನೀರು ಬಿದ್ದಿತ್ತು. ಆಮೇಲೆ ಹೇಳಲು ಮರೆತೇಬಿಟ್ಟಳು. ಇದನ್ನೂ ಹಾಗೆಯೇ ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ತುಳಸಿಕಟ್ಟೆಯ ಮಗ್ಗುಲಿಗೆ ಹುಟ್ಟಿದವು, ನೀವು ವ್ರತಕ್ಕೆ ಕೂರಿಸಿದವು, ದಿನಾ ಒಂದನ್ನೊಂದು ತಿನ್ನುತ್ತಿವೆ ಎಂದು? ಹೇಳದಿದ್ದರೆ ತಾನೇ ಕೆಲಸದ ಆಸೆಗೆ ಬೊಗಸೆ ಬೊಗಸೆ ತೆಗೆದು ಗಟಾರಕ್ಕೆ ಒಗೆಯುವವಳು ಎಂದಾಗುತ್ತದೆ. ಎರಡರಲ್ಲಿ ಅತ್ತೆಗೆ ಯಾವುದು ಕಡಿಮೆ ನೋವು ಎಂದು ಅವಳು ಯೋಚಿಸುತ್ತಿದ್ದುದು, ತನಗೆ ಯಾವುದು ಕಡಿಮೆ ಅವಮಾನ ಎಂಬುದನ್ನೇ ಇರಬೇಕು.

ಹಿತ್ತಲ ಗೋಡೆಯ ಆಚೆ ಚಾಂದಬಿ ಕೋಳಿಗಳಿಗೆ ನುಚ್ಚು ಚೆಲ್ಲುತ್ತಿದ್ದಳು. ಗೋಡೆ ಎದೆಯೆತ್ತರ. ಅದರ ಮೇಲಿಂದ ಎಷ್ಟೋ ವರ್ಷಗಳಿಂದ ಮಾತು ಮಾತ್ರ ಆಚೀಚೆ ಹೋಗಿಬರುತ್ತಿತ್ತು.

"ಚಾಂದಬಿ, ಒಂದ ಬೇಕಾಗಿತ್ತು. ಇದ್ರ ಕೊಡು."

"ಏನ್ ಬೇಕ್ರಿ ವೈನಿ?"

"ಅದ... ಬೆಳ್ಳಂದು."

"ಸುಣ್ಣಾನ?"

"ಅಲ್ಲ." ಹರಿಪ್ರಿಯಾ ಹಿಂದೆ ತಿರುಗಿ ನೋಡಿದಳು. "ತತ್ತಿ."

ಚಾಂದಬಿಯ ಕೈಯಲ್ಲಿದ್ದ ನುಚ್ಚು ಹಾಗೇ ನಿಂತಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾರಿಗ್ರಿ? ನಿಮ್ಮ ಮನಿ ರಾಯರು ಹಾವೇರ್ಯಾಗ ತಿಂದು ಬಂದು ರುಚಿ ಹತ್ತಿಸ್ಕೊಂಡ್ರೇನು?"

"ದೋಣ್ಯಾಗಿನವಕ್ಕ. ಹಳದಿ ಅಷ್ಟ ಸಾಕು, ಕುದಿಸಿದ್ದು. ಹಸಿವಿಗೆ ಒಂದನ್ನೊಂದು ತಿನ್ನಾಕತ್ತಾವ."

ಈ ಮಾತನ್ನು ಬಾಯಿಬಿಟ್ಟು ಅಂದದ್ದು ಇದೇ ಮೊದಲು. ಇಷ್ಟು ಸಲೀಸಾಗಿ ಬರುವ ಮಾತು ಇಷ್ಟು ದಿನ ಎದೆಯಲ್ಲಿ ಯಾಕೆ ಕಲ್ಲಾಗಿತ್ತೋ. ಚಾಂದಬಿ ನಗು ನಿಲ್ಲಿಸಿದಳು. "ನಾನ ಕುದಿಸಿ ಕೊಡ್ತೇನಿ. ನಿಮ್ಮ ಒಲಿ ಮ್ಯಾಲ ಇಟ್ರ ನಿಮ್ಮ ಅತ್ಯಾರು ಒಲಿನ ಬಿಟ್ಟು ಕಾಶಿಗೆ ಹೊಂಟಾರು. ಹಳದಿ ನಿಮ್ಮ ಮಕ್ಕಳಿಗೆ, ಬಿಳೇದು ನನಗ. ಲೆಕ್ಕ ಬರೋಬ್ಬರಿ ಆತು." ಸ್ವಲ್ಪ ಹೊತ್ತಿನಲ್ಲೇ ಹಳೆಯ ಪೇಪರಿನ ತುಂಡಲ್ಲಿ ಸುತ್ತಿದ ಬೆಚ್ಚನೆಯ ಗುಂಡು ಗೋಡೆಯ ಮೇಲಿಂದ ಅವಳ ಅಂಗೈಗೆ ಇಳಿಯಿತು. ಆ ಬಿಸಿ ಅಂಗೈಯಿಂದ ಮೊಣಕೈವರೆಗೆ ಏರಿದಂತೆ ಅನ್ನಿಸಿತು. ಅದೇ ಹೊತ್ತಿಗೆ ಒಳಗಿಂದ ಭಾಗೀರಥಿಬಾಯಿಯ ದನಿ ಬಂತು.

"ಪ್ರಿಯಾ, ನೈವೇದ್ಯಕ್ಕ ಎಲಿ ಹಾಕು ಬಾ."

ಮುಷ್ಟಿ ಬಿಗಿಯಿತು. ಈ ಕೈ ಹಿಡಿದು ಒಳಗೆ ಹೋಗುವಂತಿಲ್ಲ, ತೊಳೆದುಕೊಂಡು ಹೋಗಲೂ ಮನಸ್ಸು ಒಪ್ಪುವುದಿಲ್ಲ, ಹೋಗದೆ ಇರುವಂತೆಯೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಕೆಂಪು ಮಡಿಸೀರೆಯ ಅಂಚು ಕಂಡಿತು. ಹರಿಪ್ರಿಯಾ ಯೋಚಿಸಲಿಲ್ಲ. ಯೋಚಿಸಿದ್ದರೆ ಅಷ್ಟು ದೊಡ್ಡ ಸುಳ್ಳು ಅವಳಿಂದ ಆಗುತ್ತಿರಲಿಲ್ಲ.

"ನಾ ಹೊರಗಾಗೇನ್ರಿ ಅತ್ಯಾರ."

ಸೀರೆಯ ಅಂಚು ಅಲ್ಲೇ ನಿಂತಿತು. ಈ ಮನೆಯಲ್ಲಿ ಹೊರಗಾದ ಹೆಂಗಸು ಹಿತ್ತಲ ಪಡಸಾಲೆಯಲ್ಲಿ ಮೂರು ದಿನ ಬೇರೆ ಕೂರುತ್ತಾಳೆ, ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬರುತ್ತಾಳೆ. ಅಲ್ಲಿಯವರೆಗೆ ಅವಳು ಯಾರನ್ನೂ ಮುಟ್ಟುವುದಿಲ್ಲ, ಯಾರೂ ಅವಳನ್ನು ಮುಟ್ಟುವುದಿಲ್ಲ. ಹೋದ ಸಲದ್ದು ಇನ್ನೂ ಮೊನ್ನೆ ಮೊನ್ನೆ ಮುಗಿದಿತ್ತು. ಅತ್ತೆಗೆ ಏಕಾದಶಿ, ದ್ವಾದಶಿಯ ಜೊತೆಗೆ ಸೊಸೆಯ ದಿನಗಳೂ ಬಾಯಿಪಾಠ. "ಆತು," ಎಂದರು ಭಾಗೀರಥಿಬಾಯಿ ಕೊನೆಗೆ. "ಹಂಗಾರ ಅಲ್ಲೆ ಕೂಡು."

ಕೂತಳು. ಮದುವೆಯಾಗಿ ಬಂದ ಹೊಸದರಲ್ಲಿ ಈ ಪಡಸಾಲೆಯ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಅತ್ತದ್ದು ನೆನಪಿತ್ತು. ಈಗ ಅದೇ ಚಾಪೆ ಅವಳಿಗೆ ಒಂದು ಊರು ಸಿಕ್ಕಂತಾಯಿತು. ಯಾರೂ ಕೂಗುವುದಿಲ್ಲ. ಒಲೆಯ ಮೇಲೆ ಇಟ್ಟದ್ದು ಉಕ್ಕುವುದಿಲ್ಲ. ಇಡೀ ಹಗಲು ದೋಣಿಯ ಪಕ್ಕ ಕುಳಿತು, ಉಗುರಿನಷ್ಟು ಹಳದಿ ಪುಡಿಮಾಡಿ ಉದುರಿಸಿ, ಅವು ಮುಗಿಬಿದ್ದು ತಿನ್ನುವುದನ್ನು ನೋಡಿ, ಉಳಿದದ್ದು ನೀರು ಕೆಡಿಸದಂತೆ ತೆಳು ಬಟ್ಟೆಯಿಂದ ಎತ್ತಿ, ಸಣ್ಣವನ್ನು ದೊಡ್ಡವುಗಳಿಂದ ಬೇರೆ ಮಾಡಿ ಪ್ಲಾಸ್ಟಿಕ್ ಬುಟ್ಟಿಗೆ ಬಿಟ್ಟು, ಹಳೆಯ ನೀರು ಒಂದಿಷ್ಟು ಚೆಲ್ಲಿ ಬಿಸಿಲಿಗಿಟ್ಟ ನೀರು ಒಂದಿಷ್ಟು ಹಾಕಿ, ಇಟ್ಟಿಗೆ ಓರೆಯಾಗಿಟ್ಟು ದಂಡೆ ಮಾಡಿ... ಕೈ ತಾನಾಗಿಯೇ ಮಾಡುತ್ತಿತ್ತು. ತಿನ್ನುವುದು ಸಿಕ್ಕ ಮೇಲೆ ಅವು ಒಂದರ ಪಕ್ಕ ಒಂದು ಸುಮ್ಮನೆ ಇದ್ದವು. ಮುಟ್ಟು ಎಂಬ ಸುಳ್ಳಿನೊಳಗೆ ಕುಳಿತು ತಾನು ಸುಖವಾಗಿದ್ದೇನೆ ಎಂದು ಗೊತ್ತಾದಾಗ ಅವಳಿಗೆ ಭಯವಾಯಿತು. ಬಿಡುಗಡೆಯೂ ಈ ಮನೆ ಹಾಕಿಕೊಟ್ಟ ಚಾಪೆಯ ಅಳತೆಯಲ್ಲೇ ಸಿಗಬೇಕೇ?

ಆದರೆ ಒಳಗೆ ಸೌಟು ಬಿದ್ದ ಸದ್ದಾಗುತ್ತಿತ್ತು. ಅತ್ತೆಯ ಕೈ ನಡುಗುತ್ತದೆ. ಕುಕ್ಕರಿನ ಮುಚ್ಚಳ ಹಾಕಲು ಅವರಿಗೆ ಬಾರದು, ಪಾತ್ರೆಯಲ್ಲೇ ಹೆಸರುಬೇಳೆ ಬೇಯಿಸಿ, ಮೆಣಸು ಜೀರಿಗೆ ಕುಟ್ಟಿ ಸಾರು ಮಾಡಿ, ತಟ್ಟೆಯನ್ನು ಹೊಸ್ತಿಲ ಈಚೆ ಇಟ್ಟು, ಎತ್ತರದಿಂದ ನೀರು ಹಾಕಿ ಹೋಗುತ್ತಿದ್ದರು. ಎರಡನೆಯ ದಿನ ಅವರ ಬೆರಳಿಗೆ ಬೊಬ್ಬೆ ಬಂದಿತ್ತು. "ಎಣ್ಣಿ ಹಚ್ಚಿಗೋರಿ," ಎಂದಳು ಹರಿಪ್ರಿಯಾ ದೂರದಿಂದ. "ಹಚ್ಚೇನಿ," ಎಂದರು ಅವರು. ಹಚ್ಚಿರಲಿಲ್ಲ. ಎಂಬತ್ತರ ಮುದುಕಿಯನ್ನು ಒಲೆಯ ಮುಂದೆ ನಿಲ್ಲಿಸಿ ತಾನು ಕಪ್ಪೆಗೆ ತತ್ತಿ ತಿನ್ನಿಸುತ್ತಿದ್ದೇನೆ. ಸಂಜೆ ಸ್ಕೂಟರು ನಿಲ್ಲಿಸಿದ ಶ್ರೀರಾಮ ದೂರವೇ ನಿಂತು, "ಮತ್ತ ಸೋಮವಾರದ್ದ ಏನ ಮಾಡ್ದಿ?" ಎಂದು ಕೇಳಿದ. ಅವಳು ದೋಣಿಯ ಕಡೆ ಕೈ ತೋರಿಸಿದಳು. ಅವನು ಅದನ್ನು ಉತ್ತರವೆಂದು ತಿಳಿದು, ತಲೆಯಾಡಿಸಿ ಒಳಗೆ ಹೋದ.

ಶನಿವಾರ ಇಳಿಹೊತ್ತಿಗೆ ಮೊದಲನೆಯದು ಹತ್ತಿತು. ಮುಂಜಾನೆಯೇ ಅದರ ಎಡಗೈ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು, ಮಧ್ಯಾಹ್ನದ ಹೊತ್ತಿಗೆ ಬಲಗೈ. ತಿನ್ನುವುದನ್ನು ಬಿಟ್ಟು, ಬಾಲವನ್ನು ಇನ್ನೂ ಎಳೆದುಕೊಂಡೇ, ಇಟ್ಟಿಗೆಯ ಮೇಲೆ ಅರ್ಧ ಮೈ ಹಾಕಿ ಗಂಟಲು ಅದುರಿಸುತ್ತ ಕೂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಹರಿಪ್ರಿಯಾ ಕೂಗಿದಳು.

"ಅತ್ಯಾರ, ಹತ್ಯಾವ್ರಿ."

ಭಾಗೀರಥಿಬಾಯಿ ಕೋಲು ಊರಿ ಬಂದು, ಮೈಲಿಗೆಯಾಗದಷ್ಟು ದೂರದಲ್ಲಿ ನಿಂತು ಬಾಗಿದರು.

"ಚಂದ ಅದಾವ. ಮೈ ತುಂಬ್ಯಾವ," ಎಂದರು. ಆಮೇಲೆ, "ಗುಂಡಿ ತುಂಬ ಇದ್ವು. ಉಳದವು ಎಲ್ಲೆ ಹೋದ್ವು?"

ಬಂತು. ಇಷ್ಟು ದಿನ ಕಾದ ಪ್ರಶ್ನೆ ಇಷ್ಟು ಮೆಲ್ಲಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ.

"ಒಂದನ್ನೊಂದು ತಿಂದಾವ್ರಿ. ಇವು ಸೊಪ್ಪು ಅವಲಕ್ಕಿ ತಿನ್ನೋ ಜಾತಿ ಅಲ್ಲ. ನಾನು..." ಚಾಂದಬಿಯ ಗೋಡೆಯ ಕಡೆ ಅವಳ ಕಣ್ಣು ಹೋಯಿತು.

"ಗೊತ್ತು," ಎಂದರು ಭಾಗೀರಥಿಬಾಯಿ. "ತಿನ್ನಲಿಕ್ಕತ್ತಿದ್ದು ನಾನೂ ಕಂಡೇನಿ. ಕರೆವ್ವನ ಬಾಯಿ ಕೇಳಿ ತಿಳ್ಕೋಬೇಕಾಗಿಲ್ಲ ನನಗ."

"ಮತ್ತ ಯಾಕ ಅನ್ನಲಿಲ್ರಿ?"

"ನೀ ಹೇಳ್ತಿಯೇನು ಅಂತ ನೋಡಿದೆ."

ಅಷ್ಟರಲ್ಲಿ ಇಟ್ಟಿಗೆಯ ಮೇಲಿನದೊಂದು ಜಿಗಿಯಿತು. ಮೊದಲ ಜಿಗಿತ, ಅದಕ್ಕೇ ಗುರಿ ಗೊತ್ತಿರಲಿಲ್ಲ. ಭಾಗೀರಥಿಬಾಯಿಯ ಮಡಿಸೀರೆಯ ನೆರಿಗೆಗೆ ಬಂದು ಅಂಟಿಕೊಂಡಿತು. ಮುದುಕಿ ಕೊಡವಿದರೆ ಕಲ್ಲಿಗೆ ಬಿದ್ದು ಸಾಯುತ್ತದೆ. ಹರಿಪ್ರಿಯಾ ಬಗ್ಗಿ, ನೆರಿಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಬೆರಳು ಸೀರೆಗೆ ತಾಗಿತು, ಸೀರೆಯೊಳಗಿನ ಮೊಣಕಾಲಿನ ಮೂಳೆಗೂ. ಮುಟ್ಟಿಬಿಟ್ಟಿದ್ದಳು. ಇನ್ನು ಅತ್ತೆ ಈ ಇಳಿಹೊತ್ತಿನಲ್ಲಿ ತಣ್ಣೀರು ಸುರಿದುಕೊಳ್ಳಬೇಕು. ತಲೆ ಎತ್ತಲು ಅವಳಿಗೆ ಧೈರ್ಯ ಬರಲಿಲ್ಲ.

ಭಾಗೀರಥಿಬಾಯಿ ತಿರುಗಿದರು. ಬಚ್ಚಲ ಬಾಗಿಲ ಮುಂದೆ ಹಾದು, ಸ್ನಾನ ಮಾಡದೆ ನೇರ ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗೆ ತಟ್ಟೆ ಇಟ್ಟ ಸದ್ದು ಬಂತು. ಒಂದರ ಪಕ್ಕ ಇನ್ನೊಂದು. ಹೊಸ್ತಿಲ ಈಚೆ ಅಲ್ಲ, ಒಳಗೆ. ಹರಿಪ್ರಿಯಾ ಹೊಸ್ತಿಲವರೆಗೆ ಬಂದು ನಿಂತಳು. ಹಾಗಾದರೆ ತಾನು ಹೇಳಿದ ಸುಳ್ಳು ಅತ್ತೆಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಬೆರಳು ಸುಟ್ಟುಕೊಂಡು, ಗೊತ್ತಿದ್ದೂ ಎತ್ತರದಿಂದ ನೀರು ಹಾಕಿ. ಬೈದಿದ್ದರೆ ಅವಳು ಎದುರು ಮಾತಾಡಬಹುದಿತ್ತು. ಈ ಎರಡು ತಟ್ಟೆಗಳಿಗೆ ಏನು ಎದುರಾಡುವುದು? ಬಾ ಎನ್ನದೆಯೇ ಅವು ಅವಳನ್ನು ಒಳಗೆ ಎಳೆಯುತ್ತಿದ್ದವು.

"ಕೂಡು," ಎಂದರು ಭಾಗೀರಥಿಬಾಯಿ, ಅನ್ನ ಬಡಿಸುತ್ತ.

"ಸೋಮವಾರ ತಡಸಕ್ಕ ಹೋಗ್ತೇನ್ರಿ ಅತ್ಯಾರ."

"ಮೊದಲ ಊಟ ಮಾಡು. ಆಮ್ಯಾಲ ನೋಡೋಣು."

"ನೋಡೋದೇನೂ ಉಳದಿಲ್ರಿ. ಹೋಗ್ತೇನಿ. ಶನಿವಾರ ಬರ್ತೇನಿ."

ಸೌಟು ಸಾರಿನ ಪಾತ್ರೆಯಲ್ಲಿ ನಿಂತಿತು. ಆಮೇಲೆ ಎದ್ದು, ಎರಡೂ ತಟ್ಟೆಗೆ ಸಮನಾಗಿ ಸಾರು ಹಾಕಿತು. ಹರಿಪ್ರಿಯಾ ಒಳಗೆ ಹೋಗಿ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಹೊಸ್ತಿಲು ದಾಟಿ ಹೊರಗೆ ಬಂದು, ದೋಣಿಯ ಅಂಚಿನ ಮೇಲೆ ಕೂತು, ಅನ್ನ ಕಲಸಿ ಉಣ್ಣತೊಡಗಿದಳು.